ಕಲ್ಲಡಿಯ ಉಂಡೆಹುಳ ತರಗತಿಗೆ ಬರಲಿ

ಮಾನ್ಯ ಸಂಪಾದಕರೇ,

ಮಳೆ ಬಿದ್ದು ಕಲಬುರಗಿ ಭಾಗದ ನೆಲ ಹಸಿಯಾಗಿದೆ. ಮುಟ್ಟಿದರೆ ಉಂಡೆಯಾಗುವ ಬೂದು ಹುಳ ಹೂಕುಂಡದ ಅಡಿ, ಬಚ್ಚಲ ಪಕ್ಕದ ಪರ್ಸಿಕಲ್ಲಿನ ಅಡಿ ಸಿಗುವ ಕಾಲ ಇದು. ಸಂಧಿಪದಿಗಳ ಪಾಠವನ್ನು ಗೋಡೆಯ ಚಾರ್ಟ್ ತೋರಿಸಿ ಮುಗಿಸುವ ಶಾಲೆಗಳು ಇದನ್ನು ಬಳಸಿಕೊಳ್ಳಬೇಕು. ಖರ್ಚೆಂದರೆ ಒಂದು ಖಾಲಿ ಮಿಠಾಯಿ ಡಬ್ಬಿ.

ಐಸೊಪಾಡ್ ಗುಂಪಿನ ಈ ಪಿಲ್ ಬಗ್ ಕೀಟವಲ್ಲ, ಏಡಿ–ಸಿಗಡಿಗಳ ಬಳಗದ್ದು. ಗಾಜಿನ ಲೋಟಕ್ಕೆ ಬಿಟ್ಟು ಅಡಿಯಿಂದ ನೋಡಿದರೆ ಏಳು ಜೊತೆ ಕಾಲು ಎಣಿಸಬಹುದು. ಬಹುತೇಕ ಪ್ರತಿ ಖಂಡಕ್ಕೂ ಎರಡೆರಡು ಜೊತೆ ಕಂಡರೆ ಅದು ಸಹಸ್ರಪದಿ. ಅದೂ ಸುರುಳಿ ಸುತ್ತುತ್ತದೆ. ಚಪ್ಪಟೆಯಾಗಿ ಓಡುವ ಐಸೊಪಾಡ್‌ಗಳೂ ಇವೆ, ಉಂಡೆಯಾಗಲಿಲ್ಲವೆಂದು ಬಿಸಾಡಬೇಡಿ.

ಕಲ್ಲೆತ್ತುವ ಕೆಲಸ ಮಾತ್ರ ಶಿಕ್ಷಕರದೇ ಆಗಿರಲಿ. ನಮ್ಮ ಕಡೆ ಅದೇ ಕಲ್ಲಡಿ ಚೇಳೂ ಇರುತ್ತದೆ. ಆಚೆ ಅಂಚನ್ನು ಕೋಲಿನಿಂದ ಮೇಲೆತ್ತಿದರೆ ಕಲ್ಲೇ ನಮಗೆ ಅಡ್ಡವಾಗುತ್ತದೆ. ಔಷಧ ಹೊಡೆದ ತೊಗರಿ ಹೊಲದ ಬದುವಿನಿಂದ ಹುಳ ತರಬಾರದು.

ಡಬ್ಬಿಯಲ್ಲಿ ಎರಡು ಇಂಚು ಮಣ್ಣು ಸಾಕು. ಬರೀ ಎರೆಮಣ್ಣು ಬೇಡ. ನೆನೆದರೆ ಅಂಟಾಗಿ ಗಾಳಿ ಆಡುವುದಿಲ್ಲ, ಒಣಗಿದರೆ ಬಿರಿಯುತ್ತದೆ. ಅರ್ಧದಷ್ಟು ಕೊಳೆತ ಎಲೆ ಬೆರೆಸಿ. ಆಲ, ಮಾವು ಆದೀತು, ಬೇವು ಬೇಡ. ನೀರು ಒಂದು ಬದಿಗಷ್ಟೇ, ಎರಡು ದಿನಕ್ಕೊಮ್ಮೆ ಎರಡು ಮೂರು ಚಮಚ. ಇವು ಉಸಿರಾಡುವುದು ದೇಹದ ಹಿಂಭಾಗದ ಅಡಿಯಲ್ಲಿರುವ ಎಲೆಯಂಥ ಅಂಗಗಳಿಂದ. ಅವು ಒಣಗಿದರೂ ಸಾವು, ನೀರಲ್ಲಿ ಮುಳುಗಿದರೂ ಸಾವು. ಕವಚಕ್ಕೆ ಸುಣ್ಣದ ಅಂಶ ಬೇಕು. ಶಹಾಬಾದ್ ಕಲ್ಲು ಸುಣ್ಣಕಲ್ಲೇ ಆದ್ದರಿಂದ ಅದರ ಪುಡಿ ಒಂದು ಚಿಟಿಕೆ ಹಾಕಿ, ಮೊಟ್ಟೆ ಚಿಪ್ಪಾದರೂ ಸರಿ. ಗಜ್ಜರಿ ಚೂರು ಹಾಕಿದರೆ ಮರುದಿನ ತೆಗೆಯಿರಿ, ಬೂಸಲು ಬರುತ್ತದೆ.

ಇನ್ನು ಪ್ರಯೋಗ. ಅಗಲ ತಟ್ಟೆಯ ಅರ್ಧಕ್ಕೆ ಒಣ ಕಾಗದ, ಅರ್ಧಕ್ಕೆ ನೆನೆಸಿ ಹಿಂಡಿದ ಕಾಗದ, ನಡುವೆ ಬೆರಳಗಲ ಜಾಗ. ಆ ಜಾಗದಲ್ಲಿ 10 ಹುಳ ಬಿಟ್ಟು, ಪ್ರತಿ ನಿಮಿಷ ಎಣಿಸುತ್ತ 10 ನಿಮಿಷ ಬರೆದಿಡಬೇಕು. ಕಾಗದ ಹಿಂಡದಿದ್ದರೆ ನೀರು ಆಚೆ ಹರಿದು ಲೆಕ್ಕವೇ ಕೆಡುತ್ತದೆ. ಅದಕ್ಕಿಂತ ದೊಡ್ಡ ತಪ್ಪು ಬೆಳಕಿನದು. ಒಣ ಭಾಗ ಕಿಟಕಿ ಕಡೆಗಿದ್ದರೆ ಹುಳ ಸರಿದದ್ದು ತೇವಕ್ಕೋ ಕತ್ತಲಿಗೋ ಹೇಳಲಾಗದು. ತಟ್ಟೆಗೆ ರಟ್ಟು ಮುಚ್ಚಿ, ಎಣಿಸುವಾಗಷ್ಟೇ ತೆರೆಯಿರಿ. ಎರಡನೇ ಸಲ ತಟ್ಟೆಯನ್ನು ತಿರುಗಿಸಿಡಿ. ಮೂರನೇ ಸಲ ಎರಡೂ ಭಾಗಕ್ಕೆ ಒಣ ಕಾಗದವೇ ಇರಲಿ. ಆಗಲೂ ಒಂದೆಡೆ ಗುಂಪುಗೂಡಿದರೆ ಆಶ್ಚರ್ಯವಿಲ್ಲ, ಒಂದಕ್ಕೊಂದು ಅಂಟಿಕೊಳ್ಳುವುದು ಇವುಗಳ ಸ್ವಭಾವ. ಈ ಮೂರನೆಯದನ್ನು ಬಿಟ್ಟರೆ ಮೊದಲೆರಡರ ಲೆಕ್ಕಕ್ಕೆ ಅರ್ಥವಿಲ್ಲ.

'ಹುಳಕ್ಕೆ ಹಸಿ ಇಷ್ಟ' ಎಂದು ಮಕ್ಕಳು ಬರೆದರೆ ಪೂರ್ತಿ ಅಂಕ ಕೊಡಬೇಡಿ. ಒಣ ಜಾಗದಲ್ಲಿ ಅದು ಬಿರಬಿರನೆ ನಡೆಯುತ್ತದೆ, ಹಸಿ ಜಾಗದಲ್ಲಿ ನಿಧಾನಿಸಿ ನಿಂತುಬಿಡುತ್ತದೆ. ಅಷ್ಟರಿಂದಲೇ ಹಸಿ ಕಡೆ ಸಂಖ್ಯೆ ಏರಬಹುದು. ಒಂದೇ ಹುಳದ ವೇಗವನ್ನು ಎರಡೂ ಕಡೆ ಸ್ಕೇಲಿಟ್ಟು ಅಳೆಸಿ.

ಡಬ್ಬಿಯಲ್ಲಿ ಹಿಂದಿನರ್ಧ ಬೆಳ್ಳಗೆ, ಮುಂದಿನರ್ಧ ಬೂದಾಗಿರುವ ಹುಳ ಕಂಡರೆ ರೋಗವೆಂದು ಎಸೆಯಬೇಡಿ. ಅದು ಪೊರೆ ಬಿಡುತ್ತಿದೆ, ಹಿಂಭಾಗ ಮೊದಲು, ಕೆಲ ದಿನದ ಮೇಲೆ ಮುಂಭಾಗ. ಇದನ್ನು ಮಕ್ಕಳ ಕೈಯಲ್ಲಿ ದಿನಾ ಚಿತ್ರ ಬರೆಸಬಹುದು.

ಬೇಸಿಗೆಯಲ್ಲಿ ಇವು ಆಳಕ್ಕೆ ಇಳಿದುಬಿಡುತ್ತವೆ. ಪಾಠಯೋಜನೆ ಮಾಡುವವರು ಈ ಅಧ್ಯಾಯವನ್ನು ಜೂನ್–ಸೆಪ್ಟೆಂಬರ್ ಒಳಗೇ ಇಡಲಿ.

— ವಿಜ್ಞಾನ ಶಿಕ್ಷಕರು, ಸೇಡಂ ತಾಲ್ಲೂಕು, ಕಲಬುರಗಿ ಜಿಲ್ಲೆ