ದುಡ್ಡು ಸಿಕ್ಕಿಕೊಂಡ ದಿನ ಫೋನ್ ಎತ್ತುವವರು ಯಾರು?

ಪ್ರೀತಿಯ ಮಗಳೇ,

ನೀನು ಕಳಿಸಿದ ಪಟ್ಟಿ ನೋಡಿದೆ. ನಿನ್ನ ಚೀಲದ ವ್ಯಾಪಾರಕ್ಕೆ ಆನ್‌ಲೈನಿನಲ್ಲಿ ಗಿರಾಕಿಗಳ ಹಣ ಪಡೆದು ನಿನ್ನ ಖಾತೆಗೆ ಹಾಕಿಕೊಡುವ ನಾಲ್ಕು ಪೇಮೆಂಟ್ ಗೇಟ್‌ವೇ ಕಂಪನಿಗಳ ಹೆಸರು ಬರೆದು, ಎದುರಿಗೆ ಕಮಿಷನ್ ದರ ಹಾಕಿ, ಎಲ್ಲಕ್ಕಿಂತ ಕಡಿಮೆ ಇರುವುದಕ್ಕೆ ಸುತ್ತು ಹಾಕಿದ್ದೀಯ. ಅದನ್ನೇ ತಗೊಳ್ಳಲಾ ಅಂತ ಕೇಳಿದ್ದೀಯ. ಸ್ವಲ್ಪ ತಡಿ. ಇಷ್ಟು ವರ್ಷ ಬೇರೆಯವರ ವ್ಯಾಪಾರದ ಲೆಕ್ಕ ಬರೆದವಳು ನಾನು. ದರ ಮುಖ್ಯ ನಿಜ, ಆದರೆ ಅದು ಎಲ್ಲ ಸರಾಗವಾಗಿ ನಡೆಯುವ ದಿನದ ಮಾತು. ದುಡ್ಡು ನಡುವೆ ಎಲ್ಲೋ ಸಿಕ್ಕಿಕೊಂಡ ದಿನ ಆ ಕಂಪನಿ ನಿನ್ನ ಜೊತೆ ಹೇಗೆ ನಡೆದುಕೊಳ್ಳುತ್ತದೆ ಅನ್ನುವುದನ್ನು ನಾನು ಮೊದಲು ನೋಡುತ್ತೇನೆ.

ದರದ ವಿಚಾರ ಮೊದಲು ಮುಗಿಸಿಬಿಡೋಣ. ಶೇಕಡಾವಾರು ದರದ ಜೊತೆಗೆ ಪ್ರತಿ ಪಾವತಿಗೂ ಇಷ್ಟು ಅಂತ ಬೇರೆ ಹಿಡಿಯುವವರಿದ್ದಾರೆ. ಒಬ್ಬರದು ಶೇ. 2, ಮೇಲೆ ಪ್ರತಿ ಪಾವತಿಗೆ 3 ರೂಪಾಯಿ ಅಂದುಕೋ. 1,000ದ ಆರ್ಡರಿಗೆ 23 ಹೋಗುತ್ತದೆ. 100ರ ಆರ್ಡರಿಗೆ 5 ಹೋಗುತ್ತದೆ, ಅಂದರೆ ಶೇ. 5 ಆಯಿತು! ಇನ್ನೊಬ್ಬರು ಬರೀ ಶೇ. 3 ಅಂದರೆ, 300ರ ಒಳಗಿನ ಆರ್ಡರಿಗೆಲ್ಲ ಅವರೇ ಅಗ್ಗ. ನಿನ್ನ ಚೀಲಗಳ ಆರ್ಡರು ಬಹಳಷ್ಟು ಚಿಕ್ಕವೇ ಅಲ್ವಾ? ಹೋದ ತಿಂಗಳ ಆರ್ಡರುಗಳನ್ನು ಇಟ್ಟುಕೊಂಡು ನಾಲ್ಕೂ ಕಂಪನಿಯ ಲೆಕ್ಕ ಹಾಕಿ ನೋಡು. ವಿದೇಶಿ ಕಾರ್ಡಿಗೆ ಎಷ್ಟು, ತಿಂಗಳ ಬಾಡಿಗೆ ಇದೆಯಾ, ರಿಫಂಡ್ ಕೊಟ್ಟಾಗ ಹಿಡಿದ ಕಮಿಷನ್ ವಾಪಸ್ ಕೊಡುತ್ತಾರಾ, ಇವನ್ನೂ ಕೇಳು. ರಿಫಂಡ್ ಆದ ಮೇಲೂ ಕಮಿಷನ್ ಇಟ್ಟುಕೊಳ್ಳುವವರು ಬಹಳ ಜನ.

ಇನ್ನು ದುಡ್ಡು ಕೈಗೆ ಬರುವ ದಾರಿ. ಗಿರಾಕಿಯ ಫೋನಿನಲ್ಲಿ ‘ಪಾವತಿ ಆಯಿತು’ ಅಂತ ಬಂದ ತಕ್ಷಣ ಅದು ನಿನ್ನ ಖಾತೆಗೆ ಬಂದಿರುವುದಿಲ್ಲ. ಕಾರ್ಡ್ ಕೊಟ್ಟ ಬ್ಯಾಂಕು ಒಪ್ಪಿಗೆ ಕೊಡಬೇಕು, ವೀಸಾ, ಮಾಸ್ಟರ್‌ಕಾರ್ಡಿನಂಥ ಕಾರ್ಡ್ ನೆಟ್‌ವರ್ಕ್ ಮೂಲಕ ವ್ಯಾಪಾರಿಗಳ ಪರವಾಗಿ ಹಣ ಪಡೆಯುವ ಬ್ಯಾಂಕಿಗೆ ಬರಬೇಕು, ಆಮೇಲೆ ಗೇಟ್‌ವೇ ನಿನಗೆ ಹಾಕಬೇಕು. ಇದನ್ನೇ ಸೆಟಲ್‌ಮೆಂಟ್ ಅನ್ನುವುದು. ಮಾರನೇ ದಿನ ಹಾಕುವವರಿದ್ದಾರೆ, ವಾರ ಕಾಯಿಸುವವರೂ ಇದ್ದಾರೆ. ಅಷ್ಟರಲ್ಲಿ ನೀನು ಬಟ್ಟೆಯವರಿಗೆ, ಕೊರಿಯರಿನವರಿಗೆ ದುಡ್ಡು ಕೊಟ್ಟಾಗಿರುತ್ತದೆ. ಹೊಸ ವ್ಯಾಪಾರಿಗಳ ಹಣದಲ್ಲಿ ಒಂದು ಪಾಲನ್ನು ತಿಂಗಳುಗಟ್ಟಲೆ ರಿಸರ್ವ್ ಅಂತ ಹಿಡಿದಿಟ್ಟುಕೊಳ್ಳುವ ಪದ್ಧತಿಯೂ ಇದೆ. ಅದು ಅಗ್ರಿಮೆಂಟಿನ ಒಳಗೆ ಎಲ್ಲೋ ಇರುತ್ತದೆ, ಹುಡುಕಿ ಓದಬೇಕು.

ಸೆಟಲ್‌ಮೆಂಟ್ ಸ್ಟೇಟ್‌ಮೆಂಟಿನ ಒಂದು ಮಾದರಿಯನ್ನು ಸೇರುವ ಮುಂಚೆಯೇ ತರಿಸಿಕೋ. ಇದು ನನ್ನ ಹಟ ಅಂತಲೇ ಇಟ್ಟುಕೋ. ಒಂದು ದಿನ 12 ಆರ್ಡರ್, ಒಟ್ಟು 10,000 ಅಂದುಕೊಳ್ಳೋಣ. ಶೇ. 2ರ ಲೆಕ್ಕದಲ್ಲಿ 200, ಆರ್ಡರಿಗೆ 3ರಂತೆ 36 ಕಳೆಯಿತು. ಮೊನ್ನೆಯ ಒಂದು ರಿಫಂಡ್ 500, ಅದನ್ನೂ ಇದರಲ್ಲೇ ಮುರಿದುಕೊಂಡರು. ಬ್ಯಾಂಕ್ ಖಾತೆಯಲ್ಲಿ ಕಾಣುವುದು 9,264 ಅನ್ನುವ ಒಂದೇ ಸಾಲು. ಇದರಲ್ಲಿ ಯಾವ ಆರ್ಡರ್ ಸೇರಿದೆ, ಯಾವುದು ಬಿಟ್ಟುಹೋಗಿದೆ? ಸ್ಟೇಟ್‌ಮೆಂಟಿನಲ್ಲಿ ಪ್ರತಿ ಸಾಲಿಗೂ ನಿನ್ನ ಆರ್ಡರ್ ನಂಬರ್, ಕಮಿಷನ್, ರಿಫಂಡ್ ಬೇರೆ ಬೇರೆ ಇದ್ದರೆ ಲೆಕ್ಕ ಬೇಗ ತಾಳೆಯಾಗುತ್ತದೆ. ಇಲ್ಲದಿದ್ದರೆ ತಿಂಗಳ ಕೊನೆಗೆ ಕೂತು ಒಂದೊಂದೇ ಊಹಿಸಬೇಕು. ಊಹೆಯ ಮೇಲೆ ಬರೆದ ಲೆಕ್ಕ ತೆರಿಗೆ ಕಟ್ಟುವಾಗ ಉಪಯೋಗಕ್ಕೆ ಬರುವುದಿಲ್ಲ.

ಚಾರ್ಜ್‌ಬ್ಯಾಕ್ ಬಗ್ಗೆ ನೀನು ಏನೂ ಬರೆದಿಲ್ಲ. ಗಿರಾಕಿ ನಿನ್ನನ್ನು ಕೇಳದೆ ನೇರ ತನ್ನ ಬ್ಯಾಂಕಿಗೆ ‘ಇದು ನಾನು ಮಾಡಿದ್ದಲ್ಲ’ ಅಥವಾ ‘ಸಾಮಾನು ಬಂದೇ ಇಲ್ಲ’ ಅಂತ ದೂರು ಕೊಟ್ಟರೆ, ಹಣವನ್ನು ನಿನ್ನಿಂದ ವಾಪಸ್ ಎಳೆದುಕೊಳ್ಳುತ್ತಾರೆ. ಮೇಲೆ ಅದಕ್ಕೊಂದು ಶುಲ್ಕವೂ ಬೀಳಬಹುದು. ವೀಸಾ, ಮಾಸ್ಟರ್‌ಕಾರ್ಡ್ ನಿಯಮದಲ್ಲಿ ಬಹಳಷ್ಟು ತಕರಾರುಗಳಿಗೆ 120 ದಿನದ ತನಕ ಅವಕಾಶ ಇದೆ. ಮಾರಿ ಮರೆತ ಚೀಲದ ದುಡ್ಡು ನಾಲ್ಕು ತಿಂಗಳ ನಂತರ ಹೋಗಬಹುದು. ಉತ್ತರ ಕೊಡಲು ನಿನಗೆ ಸಿಗುವುದು ಕೆಲವೇ ದಿನ. ಹಾಗಾಗಿ ಕೊರಿಯರ್ ತಲುಪಿಸಿದ ದಾಖಲೆ, ಗಿರಾಕಿಯ ಮೆಸೇಜುಗಳು, ಎಲ್ಲ ಜೋಪಾನ. ಗಿರಾಕಿಯ ಬ್ಯಾಂಕು ಒಟಿಪಿ ಕೇಳಿ ಖಚಿತ ಮಾಡಿಕೊಂಡಿದ್ದರೆ, ಕದ್ದ ಕಾರ್ಡಿನ ನಷ್ಟ ಸಾಮಾನ್ಯವಾಗಿ ಆ ಬ್ಯಾಂಕಿನ ಮೇಲೆ ಬೀಳುತ್ತದೆ. ‘ಸಾಮಾನು ಬಂದಿಲ್ಲ’ ಅನ್ನುವ ದೂರಿಗೆ ಮಾತ್ರ ಆ ರಕ್ಷಣೆ ಇಲ್ಲ.

ಇನ್ನೊಂದು ಚಿಕ್ಕ ಕೆಲಸ. ಗಿರಾಕಿಯ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಯಾವ ಹೆಸರು ಬರುತ್ತದೆ ಅಂತ ನೋಡು. ನಿನ್ನ ಅಂಗಡಿಯ ಹೆಸರಿನ ಬದಲು ಗುರುತಿಲ್ಲದ ಹೆಸರು ಬಂದರೆ, ಪಾಪ, ಒಳ್ಳೆಯ ಗಿರಾಕಿಯೇ ಗಾಬರಿಯಾಗಿ ದೂರು ಕೊಡುತ್ತಾರೆ. ದೂರು ಜಾಸ್ತಿಯಾದರೆ ಖಾತೆಯನ್ನೇ ಮುಚ್ಚಬಹುದು. ಹಾಗೆ ಮುಚ್ಚಿಸಿಕೊಂಡವರನ್ನು ಸೇರಿಸಲು ಮಾಸ್ಟರ್‌ಕಾರ್ಡಿನ ಮ್ಯಾಚ್ ಅನ್ನುವ ಪಟ್ಟಿ ಇದೆ. ಅದಕ್ಕೆ ಹೆಸರು ಬಿದ್ದರೆ 5 ವರ್ಷ ಅಲ್ಲೇ ಇರುತ್ತದೆ, ಬೇರೆ ಕಂಪನಿಯವರು ಸೇರಿಸಿಕೊಳ್ಳುವುದು ಕಷ್ಟ.

ನಾನು ಲೆಕ್ಕ ಬರೆಯುತ್ತಿದ್ದ ಒಬ್ಬರಿಗೆ ಒಮ್ಮೆ ವ್ಯಾಪಾರ ಏಕಾಏಕಿ ಏರಿತು. ಅವರ ಗೇಟ್‌ವೇ ಅದನ್ನು ಅನುಮಾನದ ವ್ಯವಹಾರ ಅಂದುಕೊಂಡು ಪೂರ್ತಿ ಹಣ ತಡೆಹಿಡಿಯಿತು. ಕೇಳೋಣ ಅಂದರೆ ಫೋನ್ ನಂಬರ್ ಇಲ್ಲ. ಮೇಲ್ ಹಾಕಿದರೆ ಅದೇ ಸಿದ್ಧ ಉತ್ತರ ಮತ್ತೆ ಮತ್ತೆ. ಆ ಮನುಷ್ಯ ಕೆಲಸದವರ ಸಂಬಳಕ್ಕೆ ಸಾಲ ತಂದರು. ಅವರ ಕಂಪನಿಯ ದರ ಎಲ್ಲರಿಗಿಂತ ಕಡಿಮೆಯೇ ಇತ್ತು. ನೀನು ದೊಡ್ಡ ಮಾರಾಟ ಇಟ್ಟುಕೊಳ್ಳುವಾಗ ಮುಂಚೆಯೇ ಅವರಿಗೆ ತಿಳಿಸಿಡು.

ವೆಬ್‌ಸೈಟಿನ ಕೆಲಸ ನಿನಗೇ ಚೆನ್ನಾಗಿ ಗೊತ್ತು. ಆದರೂ ಕಾರ್ಡ್ ನಂಬರ್ ತುಂಬುವ ಪುಟ ಗೇಟ್‌ವೇ ಕಡೆಯದೇ ಇರಲಿ, ನಿನ್ನ ಸರ್ವರಿಗೆ ಆ ನಂಬರ್ ಬರುವುದೇ ಬೇಡ. ಕಾರ್ಡ್ ಕಂಪನಿಗಳು 2004ರಲ್ಲಿ ತಂದ ಪಿಸಿಐ ಡಿಎಸ್‌ಎಸ್ ಅನ್ನುವ ಕಾರ್ಡ್ ಮಾಹಿತಿಯ ಸುರಕ್ಷತೆಯ ನಿಯಮಗಳು ಚಿಕ್ಕ ವ್ಯಾಪಾರಕ್ಕೂ ಅನ್ವಯಿಸುತ್ತವೆ. ಪುಟ ಗೇಟ್‌ವೇ ಕಡೆಯದಾದರೆ ಆ ನಿಯಮಗಳ ಹೊರೆ ಬಹಳ ಕಮ್ಮಿ. ಮೆಸೇಜಿನಲ್ಲಿ ಯಾರಾದರೂ ಕಾರ್ಡ್ ವಿವರ ಕಳಿಸಿದರೆ ತಕ್ಷಣ ಅಳಿಸು. ಕಾರ್ಡಿನ ಹಿಂಬದಿಯ ಸಿವಿವಿ ಅನ್ನುವ ಗುಟ್ಟಿನ ನಂಬರನ್ನಂತೂ ಪಾವತಿ ಆದ ಮೇಲೆ ಯಾವ ವ್ಯಾಪಾರಿಯೂ ಇಟ್ಟುಕೊಳ್ಳುವಂತಿಲ್ಲ.

ನಿಜವಾದ ದುಡ್ಡಿಲ್ಲದೆ ಪರೀಕ್ಷಿಸುವ ಟೆಸ್ಟ್ ಮೋಡಿನಲ್ಲಿ ಸುಮ್ನೆ ಒಂದು ಪಾವತಿ ಆಯಿತು ಅಂತ ಖುಷಿಪಟ್ಟು ಬಿಡಬೇಡ. ಒಟಿಪಿ ಹಾಕಿ, ನಿನ್ನ ಪುಟಕ್ಕೆ ವಾಪಸ್ ಬರುವ ಮುಂಚೆ ಬ್ರೌಸರ್ ಮುಚ್ಚಿ ನೋಡು. ನಿಜವಾದ ಗಿರಾಕಿಗೆ ಹೀಗಾದರೆ ಅವರ ದುಡ್ಡು ಹೋಗಿರುತ್ತದೆ, ನಿನ್ನಲ್ಲಿ ಆರ್ಡರೇ ಇರುವುದಿಲ್ಲ. ಇದಕ್ಕೇ ಗೇಟ್‌ವೇ ನಿನ್ನ ಸರ್ವರಿಗೆ ಬೇರೆಯಾಗಿ ವೆಬ್‌ಹುಕ್, ಅಂದರೆ ಪಾವತಿ ಆಯಿತು ಅನ್ನುವ ಸುದ್ದಿ, ಕಳಿಸುವುದು. ಅದು ನಿಜಕ್ಕೂ ಅವರದೇನಾ ಅಂತ ಅದರ ಜೊತೆ ಬರುವ ಡಿಜಿಟಲ್ ಸಹಿ ಪರೀಕ್ಷಿಸಬೇಕು. ಒಂದೇ ಸುದ್ದಿ ಎರಡು ಸಲ ಬಂದರೂ ಚೀಲ ಎರಡು ಸಲ ಹೋಗಬಾರದು.

ನಿನ್ನ ಪಟ್ಟಿಯ ನಾಲ್ವರಿಗೂ ಇವತ್ತು ರಾತ್ರಿ ಒಂದೇ ಪ್ರಶ್ನೆ ಕಳಿಸು: ‘ನನ್ನ ಹಣ ತಡೆಹಿಡಿದರೆ ನಾನು ಯಾರ ಜೊತೆ ಮಾತಾಡಬೇಕು, ಎಷ್ಟು ದಿನದಲ್ಲಿ ಉತ್ತರ ಸಿಗುತ್ತದೆ?’ ಯಾರು ಎಷ್ಟು ಹೊತ್ತಿಗೆ ಏನು ಉತ್ತರ ಕೊಟ್ಟರು ಅಂತ ದರದ ಪಕ್ಕದಲ್ಲೇ ಬರೆದಿಡು. ಉತ್ತರ ಚೆನ್ನಾಗಿರುವ ಇಬ್ಬರ ಅಗ್ರಿಮೆಂಟ್ ನನಗೆ ಕಳಿಸು. ಹಣ ತಡೆಹಿಡಿಯುವ ಷರತ್ತು, ಖಾತೆ ಮುಚ್ಚುವ ಷರತ್ತು, ಇವೆರಡನ್ನು ನಾನೇ ಕೂತು ಓದುತ್ತೇನೆ. ಅಲ್ಲಿಯ ತನಕ ಯಾವುದಕ್ಕೂ ಒಪ್ಪಿಗೆ ಒತ್ತಬೇಡ.

ಇಂತಿ,
ನಿನ್ನ ಅಮ್ಮ