ಅರ್ಧ ಭವಿಷ್ಯ ನಂಬಿದವನು

ಮಾನ್ಯ ಸಂಪಾದಕರೇ,

ಹಾಸನದಲ್ಲಿ ಮೊನ್ನೆ ಕಾಲೇಜು ಮಕ್ಕಳು ಆಡಿದ ಷೇಕ್ಸ್‌ಪಿಯರ್‌ನ ‘ಮ್ಯಾಕ್‌ಬೆತ್’ ನೋಡಿದೆ. ಮಕ್ಕಳು ಚೆನ್ನಾಗಿ ಆಡಿದರು. ಹೊರಗೆ ಬರುವಾಗ ಮುಂದೆ ಹೋಗುತ್ತಿದ್ದ ಒಬ್ಬರು, ‘ಹೆಂಡತಿ ಮಾತು ಕೇಳಿ ಹಾಳಾದ’ ಅಂದರು. ಜೊತೆಗಿದ್ದವರು, ‘ಹಣೆಬರಹ ಕಣ್ರೀ, ಮಾಟಗಾತಿಯರು ಮೊದಲೇ ಹೇಳಿರಲಿಲ್ವಾ’ ಅಂದರು. ಆ ಮಾತು ಮನಸ್ಸಿನಿಂದ ಹೋಗುತ್ತಿಲ್ಲ. ಅದಕ್ಕೇ ಈ ಪತ್ರ.

ಮಾಟಗಾತಿಯರು ಸೇನಾಪತಿ ಮ್ಯಾಕ್‌ಬೆತ್‌ಗೆ ಹೇಳಿದ್ದು ರಾಜನಾಗುತ್ತೀಯ ಅಂತ, ಅಷ್ಟೇ. ಮನೆಗೆ ಬಂದು ಮಲಗಿರುವ ಮುದುಕ ರಾಜನನ್ನು ಇರಿದು ಕೊಲ್ಲು ಅನ್ನಲಿಲ್ಲ, ಕೊಂದದ್ದು ಅವನೇ. ಪಕ್ಕದಲ್ಲಿದ್ದ ಜೊತೆ ಸೇನಾಪತಿ ಬ್ಯಾಂಕೊಗೂ ಹೇಳಿದರು, ನಿನ್ನ ವಂಶದವರು ರಾಜರಾಗುತ್ತಾರೆ ಅಂತ. ಅವನು ಅದಕ್ಕಾಗಿ ಯಾರನ್ನೂ ಕೊಲ್ಲಲಿಲ್ಲ. ಮ್ಯಾಕ್‌ಬೆತ್ ಕೂಡ ಮೊದಲ ಅಂಕದಲ್ಲಿ, ನಾನು ರಾಜನಾಗುವುದು ಅದೃಷ್ಟದಲ್ಲಿದ್ದರೆ ನಾನು ಕೈ ಹಾಕದೆಯೂ ಕಿರೀಟ ಬರಬಹುದು ಅಂದುಕೊಳ್ಳುತ್ತಾನೆ. ಅಂದರೆ ಸುಮ್ಮನಿರುವ ದಾರಿ ಅವನಿಗೆ ಗೊತ್ತಿತ್ತು. ಸಮಯ ಉಳಿಸಲು ಇರಬೇಕು, ಆವತ್ತು ಈ ಮಾತನ್ನೇ ಕತ್ತರಿಸಿದ್ದರು.

ನಾನು 35 ವರ್ಷದಿಂದ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ಕಲಿಸುವ ಹಾರ್ಮೋನಿಯಂ ಮೇಷ್ಟ್ರು. ನಮ್ಮವರಿಗೆ ಈ ಕಥೆ ಹೊಸದೇನಲ್ಲ. ಕಂಸ ಇಲ್ವಾ? ಎಂಟನೆಯ ಮಗು ನಿನ್ನನ್ನು ಕೊಲ್ಲುತ್ತದೆ ಅಂತ ಕೇಳಿ ತಂಗಿಯ ಕೂಸುಗಳನ್ನು ಕೊಂದ. ಮ್ಯಾಕ್‌ಬೆತ್ತೂ ಬ್ಯಾಂಕೊನನ್ನು, ಅವನ ಮಗನನ್ನು ಮುಗಿಸಲು ಆಳು ಕಳಿಸುತ್ತಾನೆ. ಅಪ್ಪ ಸಾಯುತ್ತಾನೆ, ಮಗ ತಪ್ಪಿಸಿಕೊಳ್ಳುತ್ತಾನೆ. ಭವಿಷ್ಯವನ್ನು ನಿಜಕ್ಕೂ ನಂಬಿದವನು ಆ ಹುಡುಗನ ಹಿಂದೆ ಯಾಕೆ ಬೀಳಬೇಕು? ತನಗೆ ಬೇಕಾದ ಅರ್ಧ ನಂಬಿದ. ಬೇಡದ ಅರ್ಧ ಸುಳ್ಳು ಮಾಡಲು ಹೊರಟ. ಇದಕ್ಕೆ ಹಣೆಬರಹ ಅನ್ನಬಹುದೇ?

ಇನ್ನು ಆ ಹೆಂಡತಿ. ಅವಳು ಗಂಡನನ್ನು ಚುಚ್ಚಿ ಚುಚ್ಚಿ ಕೊಲೆಗೆ ಹಚ್ಚಿದ್ದು ನಿಜ. ಆದರೆ ಕೊಲೆಯ ರಾತ್ರಿ ಅವಳಾಡುವ ಒಂದು ಮಾತು ಕೇಳಿ. ನಿದ್ದೆಯಲ್ಲಿ ರಾಜ ನಮ್ಮಪ್ಪನ ಹಾಗೆ ಕಾಣದಿದ್ದರೆ ನಾನೇ ಮುಗಿಸುತ್ತಿದ್ದೆ ಅನ್ನುತ್ತಾಳೆ. ರಕ್ತ ಅಂಟಿದ ಕೈ ನೋಡಿ, ಸ್ವಲ್ಪ ನೀರು ಸಾಕು ಅಂದವಳೂ ಅವಳೇ. ಕೊನೆಗೆ ನಿದ್ದೆಗಣ್ಣಲ್ಲಿ ಎದ್ದು ಬರುತ್ತಾಳೆ, ಇಲ್ಲದ ಕಲೆಯನ್ನು ಉಜ್ಜುತ್ತಾಳೆ. ಹತ್ತಿರ ಯಾವಾಗಲೂ ದೀಪ ಉರಿಯುತ್ತಿರಬೇಕು ಅಂತ ಅಪ್ಪಣೆ ಮಾಡಿರುತ್ತಾಳೆ. ಆ ಪಾರ್ಟು ಮಾಡಿದ ಹುಡುಗಿ ದೀಪವನ್ನು ನೆಲಕ್ಕಿಟ್ಟು ಎರಡೂ ಕೈ ಉಜ್ಜಿಕೊಂಡಾಗ ಇಡೀ ಸಭೆ ಉಸಿರು ಹಿಡಿದಿತ್ತು. ನಮ್ಮ ದುರ್ಯೋಧನ ಕರ್ಣನಿಗಾಗಿ ಅಳುತ್ತಾನೆ. ತಾನು ಮಾಡಿದ್ದಕ್ಕೆ ಹೀಗೆ ಬೇಯುವ ಪಾರ್ಟನ್ನು ನಾನು ಇಷ್ಟು ವರ್ಷದಲ್ಲಿ ಯಾರಿಗೂ ಕಲಿಸಿಲ್ಲ.

ನನ್ನದೂ ಒಂದಿದೆ. ವಯಸ್ಸಿನಲ್ಲಿ ಒಬ್ಬ ಕಣಿಯಮ್ಮ ನನ್ನ ಕೈ ನೋಡಿ, ‘ರಾಜನಾಗಿ ಮೆರೀತೀಯ’ ಅಂದಳು. ಆ ವರ್ಷ ಜಾಸ್ತಿ ದುಡ್ಡು ಕಟ್ಟಿ, ನಮ್ಮೂರ ಹಿರಿಯರೊಬ್ಬರ ದುರ್ಯೋಧನನ ಪಾರ್ಟು ಕಿತ್ತುಕೊಂಡೆ. ನಾಟಕದ ರಾತ್ರಿ ಅವರು ಬಣ್ಣದ ಕೋಣೆಗೆ ಬಂದು ನನಗೆ ಮೀಸೆ ಅಂಟಿಸಿದರು. ಬೆರಳು ನಡುಗುತ್ತಿತ್ತು. ಒಂದು ಮಾತೂ ಆಡಲಿಲ್ಲ. ಮುಂದಿನ ನಾಟಕಕ್ಕೆ ಅವರಿರಲಿಲ್ಲ. ಕಣಿಯಮ್ಮ ಹೇಳಿದಳು ಅಂತ ನಾನೂ ಬಹಳ ವರ್ಷ ಸಮಾಧಾನ ಮಾಡಿಕೊಂಡಿದ್ದೆ.

ಇದು ಇಂಗ್ಲಿಷ್ ಓದಿದವರ ನಾಟಕ ಅಂತ ನಮ್ಮ ಹಳ್ಳಿಯ ತಂಡಗಳು ದೂರ ಇಡಬಾರದು. ಡಿ.ವಿ.ಜಿ. ಇದನ್ನು 1936ರಲ್ಲೇ ಕನ್ನಡಕ್ಕೆ ತಂದಿದ್ದಾರೆ. ಬಿ.ವಿ. ಕಾರಂತರು 1979ರಲ್ಲಿ ಹಿಂದಿಯಲ್ಲಿ ಇದನ್ನು ಯಕ್ಷಗಾನದ ಕುಣಿತ ಬಳಸಿ ಆಡಿಸಿದರು. ಕಾಲೇಜಿನ ಮಕ್ಕಳು ಇದನ್ನು ತಾಲ್ಲೂಕುಗಳಿಗೂ ತರಲಿ. ಹಾರ್ಮೋನಿಯಂ ಬೇಕಾದರೆ ನಾನು ಬರುತ್ತೇನೆ, ದುಡ್ಡು ಬೇಡ. ಕತ್ತರಿಸಿದ ಆ ಒಂದು ಮಾತನ್ನು ಮಾತ್ರ ದಯವಿಟ್ಟು ವಾಪಸ್ ಸೇರಿಸಲಿ.

– ಒಬ್ಬ ನಾಟಕದ ಮೇಷ್ಟ್ರು, ಹೊಳೆನರಸೀಪುರ ತಾಲ್ಲೂಕು