ನೆರಳಿಗೆ ಕೂರಿಸಿದ ಸೌರ ಫಲಕಗಳು: ಅಳವಡಿಸಿದ ಸಂಸ್ಥೆಗೆ ಒಂದು ದೂರು

ಇಂದ:
ನಿಮ್ಮ ಗ್ರಾಹಕಿ,
ಬಾಯಾರು, ಪೈವಳಿಕೆ ಪಂಚಾಯತು,
ಮಂಜೇಶ್ವರ ತಾಲೂಕು, ಕಾಸರಗೋಡು ಜಿಲ್ಲೆ

ಗೆ:
ವ್ಯವಸ್ಥಾಪಕರು,
ಛಾವಣಿ ಸೌರ ವಿದ್ಯುತ್ ಅಳವಡಿಕೆ ಸಂಸ್ಥೆ,
ಕಾಸರಗೋಡು

ದಿನಾಂಕ: 9 ಫೆಬ್ರವರಿ 2026

ವಿಷಯ: ನಮ್ಮ ಮನೆಯಲ್ಲಿ ಅಳವಡಿಸಿದ 3 ಕಿಲೋವ್ಯಾಟ್ ಸೌರ ವ್ಯವಸ್ಥೆಯ ದೋಷಗಳು, ಮಾರಾಟದ ವೇಳೆ ಕೊಟ್ಟ ಸುಳ್ಳು ಭರವಸೆ ಮತ್ತು ಮರ ಕಡಿಸಿ ಎಂಬ ನಿಮ್ಮ ಸಲಹೆಯ ಬಗ್ಗೆ.

ಮಾನ್ಯರೇ,

ಕಳೆದ ಮೇ ತಿಂಗಳಲ್ಲಿ ನಿಮ್ಮ ಸಂಸ್ಥೆಯವರು ನಮ್ಮ ತಾರಸಿಯ ಮೇಲೆ ಆರು ಸೌರ ಫಲಕಗಳನ್ನು ಕೂರಿಸಿ ಹೋದರು. ಅಕ್ಟೋಬರ್‌ನಿಂದ ಅವುಗಳ ಉತ್ಪಾದನೆ ಕುಸಿಯುತ್ತಾ ಬಂದಿದೆ. ಫೋನಿನಲ್ಲಿ ಹೇಳಿದೆ, ವಾಟ್ಸ್‌ಆ್ಯಪ್‌ನಲ್ಲಿ ಚಿತ್ರಗಳನ್ನು ಕಳುಹಿಸಿದೆ. ಇಂದು ಬರುತ್ತಾರೆ, ನಾಳೆ ಬರುತ್ತಾರೆ ಎಂಬ ಮಾತಿನಲ್ಲೇ ತಿಂಗಳುಗಳು ಕಳೆದವು. ಕಳೆದ ವಾರ ನಿಮ್ಮ ತಂತ್ರಜ್ಞರೊಬ್ಬರು ಬಂದರು. ತಾರಸಿ ಹತ್ತಿ ನೋಡಿ, ಇಳಿದು ಬಂದು, "ಹಲಸಿನ ಮರ ಕಡಿಸಿಬಿಡಿ, ಎಲ್ಲ ಸರಿಯಾಗುತ್ತದೆ" ಎಂದರು. ಆ ಮಾತು ಕೇಳಿದ ಮೇಲೆ ಲಿಖಿತವಾಗಿಯೇ ದೂರು ಕೊಡಬೇಕೆಂದು ತೀರ್ಮಾನಿಸಿದ್ದೇನೆ.

ಮೊದಲು ನೆರಳಿನ ವಿಚಾರ. ನಿಮ್ಮವರು ಜಾಗ ನೋಡಲು ಬಂದದ್ದು ಏಪ್ರಿಲ್ ಕೊನೆಯಲ್ಲಿ, ನಡು ಮಧ್ಯಾಹ್ನ. ಆ ದಿನಗಳಲ್ಲಿ ಸೂರ್ಯ ನಮ್ಮ ಊರಿನಲ್ಲಿ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಕಾಸರಗೋಡು ಇರುವುದು ಸುಮಾರು ಹನ್ನೆರಡೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೇ ವಾರದವರೆಗೆ ಮಧ್ಯಾಹ್ನದ ಸೂರ್ಯ ನಮಗಿಂತ ತುಸು ಬಡಗು ಬದಿಗೇ ಇರುತ್ತಾನೆ. ಹೀಗಿರುವಾಗ ಮನೆಯ ತೆಂಕು–ಪಡು ಮೂಲೆಯ ಹಲಸಿನ ಮರದ ನೆರಳು ತಾರಸಿಗೆ ಬೀಳುವುದಾದರೂ ಹೇಗೆ? ಅಳತೆ ಪಟ್ಟಿ ಹಿಡಿದು ಅಳೆದು, ಮೊಬೈಲಿನಲ್ಲಿ ನಾಲ್ಕು ಚಿತ್ರ ತೆಗೆದು, "ಒಂದು ಚೂರೂ ನೆರಳಿಲ್ಲ, ಒಳ್ಳೆಯ ಜಾಗ" ಎಂದು ಬರೆದುಕೊಂಡು ಹೋದರು.

ಸೂರ್ಯ ತೆಂಕಿಗೆ ಸರಿದ ಹಾಗೆ ಚಿತ್ರ ಬದಲಾಯಿತು. ಡಿಸೆಂಬರ್ ಕೊನೆಗೆ ನಮ್ಮಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಸುಮಾರು 36 ಡಿಗ್ರಿ ತೆಂಕಿಗೆ ವಾಲಿರುತ್ತಾನೆ. ಫಲಕಗಳ ಮಟ್ಟದಿಂದ 30 ಅಡಿ ಮೇಲೆದ್ದಿರುವ ಮರ ಆಗ ನಡು ಹಗಲಿನಲ್ಲೇ ಸುಮಾರು 22 ಅಡಿ ಉದ್ದದ ನೆರಳನ್ನು ಬಡಗಿಗೆ ಚೆಲ್ಲುತ್ತದೆ. ಹೊತ್ತು ಇಳಿದ ಹಾಗೆ ಅದು ಇನ್ನೂ ಉದ್ದವಾಗುತ್ತದೆ. ಧನುರ್ಮಾಸದಲ್ಲಿ ನಾನು ತಾರಸಿಯ ಮೇಲೆ ನಿಂತು ನೋಡಿದ್ದೇನೆ: ಹನ್ನೊಂದು ಗಂಟೆಯ ಹೊತ್ತಿಗೆ ನೆರಳು ಮುಂದಿನ ಸಾಲಿನ ಮೂಲೆಯ ಫಲಕವನ್ನು ಮುಟ್ಟುತ್ತದೆ, ಎರಡು ಗಂಟೆಗೆ ಆ ಸಾಲಿನ ಮೂರೂ ಫಲಕಗಳನ್ನು ಮುಚ್ಚುತ್ತದೆ, ಮತ್ತೆ ಬಿಸಿಲು ಕಂತುವವರೆಗೆ ಬಿಡುವುದಿಲ್ಲ. ಉತ್ತರಾಯಣ, ದಕ್ಷಿಣಾಯನಗಳ ಲೆಕ್ಕ ನಮ್ಮ ಮನೆಯ ಗೋಡೆಗೆ ತೂಗುಹಾಕಿದ ಪಂಚಾಂಗದಲ್ಲೇ ಇದೆ. ಬಿಸಿಲನ್ನು ನಂಬಿ ವ್ಯಾಪಾರ ಮಾಡುವ ಸಂಸ್ಥೆಗೆ ಅದು ತಿಳಿದಿರಲೇಬೇಕಿತ್ತು. ಬೇಸಗೆಯಲ್ಲಿ ಜಾಗ ನೋಡಿದರೂ ವರ್ಷದ ಹನ್ನೆರಡು ತಿಂಗಳ ನೆರಳನ್ನು ಲೆಕ್ಕ ಹಾಕುವ ತಂತ್ರಾಂಶಗಳಿವೆ, ಒಂದು ಮೊಬೈಲ್ ಸಾಕು.

ನೆರಳು ಬಿದ್ದದ್ದು ಮೂರು ಫಲಕಗಳಿಗಾದರೂ ಪೆಟ್ಟು ತಗಲುವುದು ಆರಕ್ಕೂ. ನೀವು ಆರನ್ನೂ ಒಂದೇ ಸರಣಿಯಲ್ಲಿ ಜೋಡಿಸಿದ್ದೀರಿ. ಸರಣಿಯಲ್ಲಿ ಒಂದು ಫಲಕದ ಕರೆಂಟ್ ತಗ್ಗಿದರೆ ಉಳಿದವೂ ಅದರ ಮಟ್ಟಕ್ಕೆ ಇಳಿಯುತ್ತವೆ. ಫಲಕದೊಳಗಿನ ಬೈಪಾಸ್ ಡಯೋಡುಗಳು ನೆರಳಿನ ಭಾಗವನ್ನು ಬದಿಗಿಟ್ಟು ಉಳಿದದ್ದನ್ನು ಅಷ್ಟಿಷ್ಟು ಕಾಪಾಡುತ್ತವೆ ನಿಜ. ಆದರೆ ಅರ್ಧ ಸರಣಿಯೇ ನೆರಳಿನಲ್ಲಿದ್ದರೆ ಅವು ತಾನೇ ಏನು ಮಾಡಿಯಾವು? 1 ಕಿಲೋವ್ಯಾಟಿಗೆ ವರ್ಷದ ಸರಾಸರಿಯಲ್ಲಿ ದಿನಕ್ಕೆ 4 ಯೂನಿಟ್, ಅಂದರೆ ನಮ್ಮದಕ್ಕೆ 12 ಯೂನಿಟ್ ಎಂದು ನಿಮ್ಮ ಅಂದಾಜು ಪತ್ರದಲ್ಲೇ ಇದೆ. ಆಟಿಯ ಮಳೆಯಲ್ಲಿ ಅದು ಅರ್ಧಕ್ಕೆ ಇಳಿದರೆ ನಾನು ಚಕಾರವೆತ್ತುವವಳಲ್ಲ, ಮೋಡದ ಮೇಲೆ ಯಾರ ಹಿಡಿತವೂ ಇಲ್ಲ. ಆದರೆ ಒಂದು ಮೋಡವೂ ಇಲ್ಲದ ಜನವರಿಯಲ್ಲಿ, ನಾವು ಅಂಗಳದಲ್ಲಿ ಅಡಿಕೆ ಒಣಗಿಸುವ ಬಿಸಿಲಿನಲ್ಲಿ, ಫಲಕದ ವಿದ್ಯುತ್ತನ್ನು ಮನೆ ಬಳಕೆಗೆ ಒಗ್ಗಿಸುವ ಇನ್ವರ್ಟರಿನ ಪರದೆ ದಿನಕ್ಕೆ 7 ಯೂನಿಟ್ ದಾಟಿದ್ದು ಅಪರೂಪ. ಮಳೆಗಾಲದ ಕೊರತೆಯನ್ನು ತುಂಬಿಸಬೇಕಾದ ತಿಂಗಳುಗಳೇ ಇವು.

ಈಗ ಮರದ ಮಾತು. ಅದು ನಮ್ಮ ಅತ್ತೆ ನೆಟ್ಟ ಮರ. ಹಪ್ಪಳಕ್ಕೆ, ಉಪ್ಪುಸೊಳೆಗೆ, ನೆಂಟರಿಷ್ಟರಿಗೆ ಹಂಚುವುದಕ್ಕೆ ವರ್ಷವರ್ಷವೂ ಹಣ್ಣು ಕೊಡುತ್ತದೆ. ಅದೆಲ್ಲ ನಮ್ಮ ಮನೆಯ ವಿಷಯವೆಂದು ನೀವು ಬದಿಗಿಡಬಹುದು. ಹಾಗಾದರೆ ವಿದ್ಯುತ್ತಿನ ಲೆಕ್ಕದಲ್ಲೇ ಹೇಳುತ್ತೇನೆ. ಫೆಬ್ರವರಿ, ಮಾರ್ಚ್ ತಿಂಗಳ ಸೆಖೆಯಲ್ಲಿ ಇಳಿಹೊತ್ತಿನ ಬಿಸಿಲು ನಮ್ಮ ಪಡು ಗೋಡೆಗೆ ತಾಗದಂತೆ ತಡೆಯುವುದು ಅದೇ ಮರ. ಆ ಬದಿಯ ಎರಡು ಕೋಣೆಗಳಿಗೆ 30 ವ್ಯಾಟಿನ ಫ್ಯಾನ್ ಸಾಕಾಗುತ್ತದೆ. ಮರ ಹೋದರೆ ಗೋಡೆ ರಾತ್ರಿಯವರೆಗೂ ಕಾದಿರುತ್ತದೆ, ಆಮೇಲೆ ಮಕ್ಕಳು ಎಸಿ ಕೇಳುತ್ತಾರೆ. ಒಂದು ಟನ್ನಿನ ಎಸಿ ಸುಮಾರು 1,000 ವ್ಯಾಟ್ ಎಳೆಯುತ್ತದೆ. ವಿದ್ಯುತ್ ಉಳಿಸುವ ಮರವನ್ನು ಕಡಿದು, ವಿದ್ಯುತ್ ತಯಾರಿಸಿ, ಅದನ್ನು ಎಸಿಗೆ ಸುರಿಯುವುದು ಯಾವ ಜಾಣತನ? ಪರಿಸರ ಉಳಿಸಿ ಎಂದು ನಿಮ್ಮ ಕರಪತ್ರದ ಮೊದಲ ಪುಟದಲ್ಲೇ ಅಚ್ಚು ಹಾಕಿಸಿದ್ದೀರಿ. ಆ ಕರಪತ್ರ ಕೊಟ್ಟವರೇ ಕೊಡಲಿ ತರಿಸಿ ಎಂದಾಗ ನನಗೆ ನಿಜಕ್ಕೂ ನೋವಾಯಿತು.

ಮರ ಕಡಿಯದೆಯೂ ದಾರಿಯಿದೆ, ಅದನ್ನು ನಾನು ಮೊದಲ ದಿನವೇ ತೋರಿಸಿದ್ದೆ. ಮನೆಯ ಮೂಡು ಬದಿಯಲ್ಲಿ ದನದ ಹಟ್ಟಿಯಿದೆ. ಅದರ ಶೀಟಿನ ಮಾಡು ತೆಂಕಿಗೆ ಇಳಿಜಾರಾಗಿದೆ, ಬೆಳಗಿನಿಂದ ಸಂಜೆಯವರೆಗೆ ಬಿಸಿಲು ಬೀಳುತ್ತದೆ, ಆರು ಫಲಕಗಳಿಗೆ ಧಾರಾಳವಾಗಿ ಜಾಗವಿದೆ. "ಕೇಬಲ್ ಉದ್ದವಾಗುತ್ತದೆ, ತಾರಸಿಯೇ ಸುಲಭ" ಎಂದು ನಿಮ್ಮವರು ತಳ್ಳಿಹಾಕಿದರು. ಸುಲಭವಾದದ್ದು ಯಾರಿಗೆ ಎಂಬುದು ಈಗ ತಿಳಿಯುತ್ತಿದೆ.

ನಮ್ಮದು ವಿದ್ಯುತ್ತನ್ನು ಮನಬಂದಂತೆ ಉರಿಸುವ ಮನೆಯಲ್ಲ ಎಂಬುದೂ ನಿಮಗೆ ತಿಳಿದಿರಲಿ. 60 ವ್ಯಾಟಿನ ಬಲ್ಬುಗಳು ಹೋಗಿ 9 ವ್ಯಾಟಿನ ಎಲ್‌ಇಡಿ ಬಂದು ವರ್ಷಗಳಾದವು. ಹಳೆಯ 75 ವ್ಯಾಟಿನ ಫ್ಯಾನುಗಳನ್ನು ಒಂದೊಂದಾಗಿ ಬದಲಾಯಿಸಿದೆವು. ಬೆಳಗಿನ ಅಡುಗೆ ಹಟ್ಟಿಯ ಗೋಬರ್ ಗ್ಯಾಸಿನಲ್ಲಿ. ತೋಟಕ್ಕೆ ನೀರು ಬರುವುದು ಸುರಂಗದಿಂದ. ಮುರಕಲ್ಲಿನ ಗುಡ್ಡೆಯನ್ನು ಅಡ್ಡಕ್ಕೆ ಕೊರೆದು ಹಿರಿಯರು ಮಾಡಿಟ್ಟ ಈ ಸುರಂಗಗಳು ಬಾಯಾರಿನ ಸುತ್ತಮುತ್ತ ಎಷ್ಟೋ ಮನೆಗಳಲ್ಲಿವೆ. ಒಸರಿದ ನೀರು ತಾನಾಗಿ ಹರಿದು ಮದಕಕ್ಕೆ, ಅಂದರೆ ನೀರು ನಿಲ್ಲಿಸುವ ಕೆರೆಗೆ, ಬೀಳುತ್ತದೆ, ಅಲ್ಲಿಂದ ಕೆಳಗಿನ ಅಡಿಕೆ ತೋಟಕ್ಕೆ ಇಳಿಯುತ್ತದೆ. ಬೇಸಗೆಯ ಕೊನೆಯಲ್ಲಿ ನೀರು ಸಣ್ಣಗಾದಾಗ ಮಾತ್ರ ನಾವು ಪಂಪ್ ಚಾಲೂ ಮಾಡುವುದು. ಒಂದೊಂದು ಯೂನಿಟನ್ನೂ ಎಣಿಸಿ ಬಳಸುವವರಿಗೆ ಹೀಗೆ ದಿನಕ್ಕೆ ಐದು ಯೂನಿಟ್ ಸೋರಿಹೋಗುವುದು ಸಣ್ಣ ಮಾತಲ್ಲ.

ಎರಡನೆಯದು, ಇದಕ್ಕಿಂತ ಗಂಭೀರವಾದದ್ದು, ನಿಮ್ಮ ಮಾರಾಟಗಾರರು ಆಡಿದ ಮಾತು. ನಮ್ಮ ಜಗಲಿಯಲ್ಲಿ ಕುಳಿತು, ನನ್ನ ಯಜಮಾನರ ಮತ್ತು ಪಕ್ಕದ ಮನೆಯವರ ಎದುರಿನಲ್ಲಿ, "ಇನ್ನು ಕರೆಂಟ್ ಹೋದರೂ ಹಗಲಿನಲ್ಲಿ ನಿಮಗೆ ತೊಂದರೆಯಿಲ್ಲ" ಎಂದು ಹೇಳಿದರು. ಆ ಮಾತು ನಂಬಿ ನಮ್ಮ ಹಳೆಯ ಇನ್ವರ್ಟರ್ ಮತ್ತು ಬ್ಯಾಟರಿಯನ್ನು ವಿನಿಮಯಕ್ಕೆ ಕೊಟ್ಟೆವು. ಜೂನ್ ತಿಂಗಳ ಗಾಳಿಗೆ ಲೈನಿನ ಮೇಲೆ ಮರ ಬಿದ್ದು ವಿದ್ಯುತ್ ಹೋದಾಗ, ಹೊರಗೆ ಹಗಲ ಬೆಳಕಿದ್ದರೂ ಮನೆಯೊಳಗೆ ಒಂದು ಫ್ಯಾನೂ ತಿರುಗಲಿಲ್ಲ. ಫೋನ್ ಮಾಡಿದರೆ "ಆನ್‌ಗ್ರಿಡ್ ಅಂದರೆ ಹಾಗೆಯೇ" ಎಂಬ ಉತ್ತರ.

ಆನ್‌ಗ್ರಿಡ್, ಅಂದರೆ ಊರಿನ ವಿದ್ಯುತ್ ಲೈನಿಗೆ ಜೋಡಿಸಿದ ವ್ಯವಸ್ಥೆ ಹಾಗೆಯೇ ಇರಬೇಕು ಎಂಬುದನ್ನು ನಾನು ಒಪ್ಪುತ್ತೇನೆ. ಲೈನಿನಲ್ಲಿ ವಿದ್ಯುತ್ ಇಲ್ಲದಾಗ ಮನೆಯ ಫಲಕಗಳು ಲೈನಿಗೆ ವಿದ್ಯುತ್ ತಳ್ಳಿದರೆ ಕಂಬ ಹತ್ತಿದ ಕೆಲಸಗಾರನ ಪ್ರಾಣ ಹೋಗಬಹುದು. ಅದಕ್ಕಾಗಿಯೇ ಇನ್ವರ್ಟರ್ ತಾನಾಗಿ ನಿಲ್ಲುತ್ತದೆ. ನನ್ನ ದೂರು ಆ ಏರ್ಪಾಡಿನ ಮೇಲಲ್ಲ. ಗೊತ್ತಿದ್ದೂ ಅದನ್ನು ಮುಚ್ಚಿಟ್ಟು, ಇಲ್ಲದ್ದನ್ನು ಇದೆಯೆಂದು ಹೇಳಿ, ಇದ್ದ ಬ್ಯಾಟರಿಯನ್ನೂ ಕೊಂಡೊಯ್ದದ್ದರ ಮೇಲೆ. ವಿದ್ಯುತ್ ಹೋದಾಗಲೂ ಬೆಳಕು ಬೇಕಿದ್ದರೆ ಬ್ಯಾಟರಿಯಿರುವ ಹೈಬ್ರಿಡ್ ಇನ್ವರ್ಟರ್ ಬೇಕು, ಅದಕ್ಕೆ ಬೆಲೆ ಹೆಚ್ಚು ಎಂದು ನೇರವಾಗಿ ಹೇಳಿದ್ದರೆ ನಾವು ಯೋಚಿಸಿ ನಿರ್ಧರಿಸುತ್ತಿದ್ದೆವು.

ಮೂರನೆಯದು ಸುರಕ್ಷತೆ. ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಫಲಕಗಳ ಕೇಬಲುಗಳನ್ನು ಚೌಕಟ್ಟಿಗೆ ಬಿಗಿಯದೆ ತಾರಸಿಯ ಮೇಲೆ ಹಾಗೆಯೇ ಬಿಟ್ಟಿದ್ದಾರೆ. ಎರಡು ಕಡೆ ಕನೆಕ್ಟರುಗಳು ಸರಿಯಾಗಿ ಮಳೆನೀರು ಹರಿಯುವ ತಗ್ಗಿನಲ್ಲೇ ಬಿದ್ದಿವೆ, ಅವುಗಳ ಸುತ್ತ ಪಾಚಿ ಕಟ್ಟಿ ಒಣಗಿ ಕರಿಯ ಪದರ ಕೂತಿದೆ. ಮಳೆ ಜೋರಾದ ದಿನಗಳಲ್ಲಿ ಇನ್ವರ್ಟರಿನಲ್ಲಿ ಕೆಂಪು ದೀಪ ಉರಿದು, ಐಸೊಲೇಶನ್ ದೋಷ, ಅಂದರೆ ವಿದ್ಯುತ್ ಎಲ್ಲೋ ನೆಲಕ್ಕೆ ಸೋರುತ್ತಿದೆ ಎಂಬ ಸೂಚನೆ ಬರುತ್ತಿತ್ತು, ಬಿಸಿಲು ಬಂದ ಮೇಲೆ ಹೋಗುತ್ತಿತ್ತು. ಅರ್ತಿಂಗ್‌ನ ಸ್ಥಿತಿ ಇನ್ನೂ ಕೆಟ್ಟದ್ದು. ಮನೆಯ ಹಿಂಬದಿಯ ಮುರಕಲ್ಲಿಗೆ ಒಂದು ಮೊಳದಷ್ಟು ಆಳಕ್ಕೆ ಸರಳು ಹೊಡೆದು ತಂತಿ ಸುತ್ತಿದ್ದಾರೆ. ಗುಂಡಿಯಿಲ್ಲ, ಇದ್ದಿಲಿಲ್ಲ, ನೀರು ಹೊಯ್ಯಲು ಕೊಳವೆಯಿಲ್ಲ. ತಂತಿ ಹಿಡಿದ ಕ್ಲಾಂಪ್ ಬೆರಳಿನಲ್ಲಿ ತಿರುಗಿಸಿದರೆ ತಿರುಗುತ್ತದೆ. ಒಣಗಿದ ಮುರಕಲ್ಲಿನಲ್ಲಿ ವಿದ್ಯುತ್ ಭೂಮಿಗೆ ಇಳಿಯುವುದು ಕಷ್ಟವೆಂದು ಇಲ್ಲಿನ ಯಾವ ವೈರಿಂಗ್ ಕೆಲಸದವರನ್ನು ಕೇಳಿದರೂ ಹೇಳುತ್ತಾರೆ. ಫಲಕದ ಚೌಕಟ್ಟಿಗೆ, ಇನ್ವರ್ಟರಿಗೆ, ಸಿಡಿಲು ಸೆಳೆಯುವ ಸರಳಿಗೆ ಬೇರೆ ಬೇರೆ ಅರ್ತಿಂಗ್ ಎಂದು ಒಪ್ಪಂದದಲ್ಲಿದೆ. ಸ್ಥಳದಲ್ಲಿರುವುದು ಇದೊಂದೇ. ತುಲಾ ತಿಂಗಳ ಸಂಜೆಗಳಲ್ಲಿ ನಮ್ಮ ಗುಡ್ಡೆಗಳ ಮೇಲೆ ಸಿಡಿಲು ಹೇಗೆ ಬಡಿಯುತ್ತದೆ ಎಂಬುದು ಕಾಸರಗೋಡಿನಲ್ಲಿ ಕಚೇರಿ ಇಟ್ಟುಕೊಂಡ ನಿಮಗೆ ನಾನು ಹೇಳಬೇಕಾಗಿಲ್ಲ. ಆ ತಂತಿಯ ಪಕ್ಕದಲ್ಲೇ ನಮ್ಮ ಬಟ್ಟೆ ಒಗೆಯುವ ಕಲ್ಲಿದೆ.

ಕಾಗದಪತ್ರಗಳ ವಿಷಯ ಚುಟುಕಾಗಿ ಹೇಳುತ್ತೇನೆ. ಫಲಕಗಳ ಕ್ರಮಸಂಖ್ಯೆಯಿರುವ ವಾರಂಟಿ ಪತ್ರ ಇನ್ನೂ ಕೈಸೇರಿಲ್ಲ. ಸಿಡಿಲಿನ ವೇಳೆ ಯಾವ ಸ್ವಿಚ್ ಮೊದಲು ಆರಿಸಬೇಕು, ಫಲಕ ತೊಳೆಯುವುದು ಹೇಗೆ ಎಂಬುದನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದುಕೊಡಿ ಎಂದು ಕೇಳಿದ್ದೆ. ಮಂಜೇಶ್ವರ ತಾಲೂಕಿನಲ್ಲಿ ವ್ಯಾಪಾರ ಮಾಡುವವರಿಗೆ ಇದು ಭಾರವಾಗಬಾರದು, ಮಾರಾಟದ ಮಾತೆಲ್ಲ ಕನ್ನಡದಲ್ಲೇ ನಡೆದಿತ್ತಲ್ಲ.

ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯ 78,000 ರೂಪಾಯಿ ಸಹಾಯಧನ ನನ್ನ ಖಾತೆಗೆ ಬಂದಿದೆ, ಅದರಲ್ಲಿ ತಕರಾರಿಲ್ಲ. ಉಳಿದ ಹಣ ಸಹಕಾರಿ ಬ್ಯಾಂಕಿನ ಸಾಲ. ಆ ಯೋಜನೆಯಡಿ ಅಳವಡಿಸಿದ ಸಂಸ್ಥೆಯೇ ಐದು ವರ್ಷ ನಿರ್ವಹಣೆ ಮಾಡಿಕೊಡಬೇಕು. ಸಹಾಯಧನ ಸಾರ್ವಜನಿಕರ ಹಣ. ಅದನ್ನು ನೆರಳಿನಲ್ಲಿ ಕೂರಿಸಿ ಹೋಗುವ ಹಕ್ಕು ಯಾರಿಗೂ ಇಲ್ಲ.

ನಮ್ಮ ಊರಿಗೆ ಸೌರ ವಿದ್ಯುತ್ ಹೊಸದಲ್ಲ. ಪೈವಳಿಕೆ, ಮೀಂಜ, ಚಿಪ್ಪಾರು ಗ್ರಾಮಗಳಲ್ಲಿ 250 ಎಕರೆ ಜಾಗದಲ್ಲಿ ಹರಡಿರುವ 50 ಮೆಗಾವ್ಯಾಟಿನ ಸ್ಥಾವರ 2021ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಅಷ್ಟು ದೊಡ್ಡ ಸ್ಥಾವರದ ಹತ್ತಿರವೇ ಇದ್ದರೂ ತಮ್ಮ ಮನೆಯ ಮಾಡಿನ ಮೇಲೂ ವಿದ್ಯುತ್ ತಯಾರಿಸಬಹುದೆಂದು ನಂಬದವರು ನಮ್ಮಲ್ಲಿ ಬಹಳ. ನಮ್ಮ ಮನೆಯದನ್ನು ನೋಡಿ ಹಾಕಿಸಬೇಕೆಂದಿದ್ದ ನೆರೆಯ ಎರಡು ಮನೆಯವರು ಈಗ ಹಿಂದೆ ಸರಿದಿದ್ದಾರೆ. "ಸೋಲಾರ್ ಎಲ್ಲ ಬರೀ ಬೊಗಳೆ" ಎಂಬ ಮಾತು ಅವರ ಬಾಯಲ್ಲಿ ಬಂದಾಗ ನನಗಾದ ಸಂಕಟ ನನ್ನ ಹಣ ಹೋದದ್ದಕ್ಕಿಂತ ಹೆಚ್ಚು. ಬಿಸಿಲು ಮೋಸ ಮಾಡಲಿಲ್ಲ, ಫಲಕವೂ ಮಾಡಲಿಲ್ಲ, ಕೆಲಸ ಕೆಟ್ಟದ್ದು ಎಂದು ಅವರಿಗೆ ಹೇಳುತ್ತಲೇ ಇದ್ದೇನೆ. ಅದನ್ನು ತೋರಿಸಿಕೊಡುವ ಹೊಣೆ ನಿಮ್ಮದು.

ಆದ್ದರಿಂದ ಆರೂ ಫಲಕಗಳನ್ನು ನಿಮ್ಮ ಖರ್ಚಿನಲ್ಲೇ ಹಟ್ಟಿಯ ಮಾಡಿಗೆ ವರ್ಗಾಯಿಸಿಕೊಡಿ. ಮಾಡಿನ ಬಲವನ್ನು ಮೊದಲು ಪರೀಕ್ಷಿಸಿ, ಕೇಬಲುಗಳನ್ನು ಕೊಳವೆಯೊಳಗೆ ಹಾಕಿ, ನೀರು ಕುಡಿದ ಕನೆಕ್ಟರುಗಳನ್ನು ಬದಲಿಸಿ. ಅರ್ತಿಂಗ್ ಗುಂಡಿಗಳನ್ನು ಒಪ್ಪಂದದಂತೆ ತೋಡಿ, ಅಳತೆಯ ಯಂತ್ರವಿಟ್ಟು ನನ್ನ ಎದುರಿನಲ್ಲೇ ಪರೀಕ್ಷಿಸಿ, ಅಂಕಿಯನ್ನು ಬರೆದುಕೊಡಿ. ಅದು ಆಗುವವರೆಗೆ ವ್ಯವಸ್ಥೆಯನ್ನು ಚಾಲೂ ಇಡುವುದು ಸುರಕ್ಷಿತವೇ ಎಂಬುದನ್ನು ಕೂಡಲೇ ಲಿಖಿತವಾಗಿ ತಿಳಿಸಿ. ಕೊಂಡೊಯ್ದ ಇನ್ವರ್ಟರ್, ಬ್ಯಾಟರಿಯನ್ನು ಹಿಂತಿರುಗಿಸಿ, ಇಲ್ಲವೇ ಅಷ್ಟೇ ಶಕ್ತಿಯವನ್ನು ಕೊಡಿ. ವಾರಂಟಿ ಪತ್ರ ಮತ್ತು ಕನ್ನಡದ ಸೂಚನಾ ಹಾಳೆಯನ್ನು ಕೆಲಸದವರ ಕೈಯಲ್ಲೇ ಕಳುಹಿಸಿ. ಹಲಸಿನ ಮರದ ಒಂದು ರೆಂಬೆಯನ್ನೂ ಮುಟ್ಟಲು ನಾನು ಒಪ್ಪುವುದಿಲ್ಲ.

ಈ ಪತ್ರ ತಲುಪಿದ ಹದಿನೈದು ದಿನಗಳೊಳಗೆ ಕೆಲಸ ಆರಂಭಿಸುವ ದಿನಾಂಕವನ್ನು ಬರವಣಿಗೆಯಲ್ಲಿ ತಿಳಿಸಬೇಕು. ತಪ್ಪಿದರೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲೂ ದಾಖಲಿಸುತ್ತೇನೆ. ಗ್ರಾಹಕರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದಾದ್ದರಿಂದ ನನಗೆ ದೂರ ಓಡಾಡುವ ಕಷ್ಟವೂ ಇಲ್ಲ. ಮಾರಾಟದ ದಿನ ಜಗಲಿಯಲ್ಲಿದ್ದವರು ಸಾಕ್ಷಿ ಹೇಳಲು ಸಿದ್ಧರಿದ್ದಾರೆ.

ಕೆಲಸಗಾರರನ್ನು ಕಳುಹಿಸುವ ಹಿಂದಿನ ದಿನ ಫೋನ್ ಮಾಡಿ. ಹಟ್ಟಿಯಿಂದ ದನಗಳನ್ನು ಬಿಡಿಸಿ ಬೇರೆಡೆ ಕಟ್ಟಬೇಕಾಗುತ್ತದೆ.

ಇತಿ,
ನಿಮ್ಮ ಗ್ರಾಹಕಿ
(ಸಹಿ)

ಲಗತ್ತು: ಒಪ್ಪಂದ ಮತ್ತು ಅಂದಾಜು ಪತ್ರದ ಪ್ರತಿ, ಇನ್ವರ್ಟರ್ ಪರದೆಯ ಚಿತ್ರಗಳು, ಡಿಸೆಂಬರ್‌ನಲ್ಲಿ ತೆಗೆದ ನೆರಳಿನ ಚಿತ್ರಗಳು, ಅರ್ತಿಂಗ್ ಮತ್ತು ಕನೆಕ್ಟರುಗಳ ಚಿತ್ರಗಳು.